ಒಣಗಿದ ಬಕೆಟ್

ಸಂಜೆ ನಾಲ್ಕಕ್ಕೆ ಹೆಂಡತಿಯ ಹೊಟ್ಟೆಗೆ ಮೊದಲ ಸೂಜಿ. ಬೆಳಗ್ಗೆಯಿಂದ ಅವನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ದಿನಕ್ಕೊಂದರಂತೆ ಹತ್ತು ಹನ್ನೆರಡು ದಿನ, ಹೊಕ್ಕುಳಿನ ಪಕ್ಕದಲ್ಲಿ. ಅದಾದ ಮೇಲೆ ಮಂಪರು ಕೊಟ್ಟು, ಇನ್ನೂ ಉದ್ದದ ಸೂಜಿ ಹಾಕಿ ಅಂಡಾಣು ತೆಗೆಯುತ್ತಾರಂತೆ. ಅವಳೋ ಟೈಲರ್. ದಿನವಿಡೀ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯುವವಳು. ಆದರೆ ಆಸ್ಪತ್ರೆಯ ಸೂಜಿ ಕಂಡರೆ ಮಾತ್ರ ಬಿಳಿಚಿಕೊಂಡುಬಿಡುತ್ತಾಳೆ. ಹೋದ ವರ್ಷ ಗರ್ಭನಾಳದ ಪರೀಕ್ಷೆಗೆಂದು ಮಲಗಿಸಿದಾಗ ಅವಳು ಎಚ್ಚರ ತಪ್ಪಿ, ಅರ್ಧ ಗಂಟೆ ಅವನ ಜೀವ ಬಾಯಿಗೆ ಬಂದಿತ್ತು. ಆ ಪರೀಕ್ಷೆಯಲ್ಲಿ ಅವಳಿಗೆ ಏನೂ ತೊಂದರೆಯಿಲ್ಲ ಅಂತ ಗೊತ್ತಾಯಿತು. ತೊಂದರೆ ಇದ್ದದ್ದು ಇವನಲ್ಲಿ. ಚುಚ್ಚಿಸಿಕೊಳ್ಳಬೇಕಾದವಳು ಮಾತ್ರ ಅವಳು.

"ಲೋ ನಾಲಿಗೆ! ತಟ್ಟೆ ಬಂದು ಐದು ನಿಮಿಷ ಆಯ್ತು. ನಿದ್ದೆ ಮಾಡ್ತಿದೀಯೇನೋ?"

ಗಾಜಿನ ಕಿಟಕಿಯ ಆಚೆಯಿಂದ ಬಾಣಲೆ ಅಣ್ಣ ಕೂಗಿದ. ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯಲ್ಲಿ ಆ ದೊಡ್ಡ ಬಾಣಲೆಯ ಉಸ್ತುವಾರಿ ಅವನದು, ಅದಕ್ಕೇ ಆ ಹೆಸರು. ಇವನಿಗೆ 'ನಾಲಿಗೆ' ಅಂತ ಹೆಸರಿಟ್ಟವನೂ ಅವನೇ. ಇವನ ಕೆಲಸವೇ ರುಚಿ ನೋಡುವುದು. ಮುಕ್ಕಾಲು ಗಂಟೆಗೊಮ್ಮೆ ಬಾಣಲೆಯಿಂದ ಒಂದು ಬಿಳಿ ತಟ್ಟೆ ಈ ಪುಟ್ಟ ಎ.ಸಿ. ಕೋಣೆಗೆ ಬರುತ್ತದೆ. ಇವನು ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ತಟ್ಟೆಯ ಮೂರು ಕಡೆಯಿಂದ ಆರಿಸಿ, ಅಗಿದು, ಕಣ್ಣು ಮುಚ್ಚಿ, ತಲೆ ಆಡಿಸಬೇಕು. ಆಮೇಲೆ ಕಾಗದಕ್ಕೆ ಸಹಿ. ಆ ಸಹಿ ಬೀಳುವವರೆಗೆ ಪ್ಯಾಕಿಂಗ್ ಮೆಷಿನ್ ಅಲ್ಲಾಡುವುದಿಲ್ಲ.

ನಿಯಮದ ಪ್ರಕಾರ ಅಗಿದದ್ದನ್ನು ಉಗುಳಬೇಕು. ಅದಕ್ಕೆಂದೇ ಮೇಜಿನ ಪಕ್ಕ ಮುಚ್ಚಳವಿರುವ ಸ್ಟೀಲ್ ಬಕೆಟ್ ಇಟ್ಟಿದ್ದಾರೆ. ಅವನು ಉಗುಳುವುದಿಲ್ಲ. ಅದು ಅವನ ಹೆಮ್ಮೆ. ಉಪ್ಪು, ಖಾರ, ಗರಿಗರಿ ಇವೆಲ್ಲ ನಾಲಿಗೆಗೆ ಸಿಗುತ್ತವೆ, ಆದರೆ ಎಣ್ಣೆ ಹಳತಾಗಿದ್ದರೆ ಅದು ಗಂಟಲಿಗೇ ಗೊತ್ತಾಗುವುದು. ನುಂಗಿದ ಮೇಲೆ ಒಂದು ಕ್ಷಣ ತಡೆದು, ಸಣ್ಣಗೆ ಕೆರೆಯುತ್ತದೆ. ಒಂಬತ್ತು ವರ್ಷದಲ್ಲಿ ಅವನ ಗಂಟಲು ಒಂದು ಸಲವೂ ಮೋಸ ಹೋಗಿಲ್ಲ.

ಅವನು ಐದಾರು ಚಿಪ್ಸ್ ಬಾಯಿಗೆ ಹಾಕಿಕೊಂಡ, ಅಗಿದ, ನುಂಗಿದ, ಕಾದ. ಕೆರೆಯಲಿಲ್ಲ. ಸಹಿ ಹಾಕಿದ.

"ಮುಖ ಯಾಕೋ ಸುಟ್ಟ ಬದನೆಕಾಯಿ ಆಗಿದೆ?" ಬಾಣಲೆ ಅಣ್ಣ ಬಾಗಿಲಿಗೆ ತಲೆ ತೂರಿಸಿದ.

"ಇವತ್ತು ಅವಳಿಗೆ ಆಸ್ಪತ್ರೆ ಅಣ್ಣ. ನಾಲ್ಕಕ್ಕೆ."

"ಹೌದಲ್ಲ. ನೀನು ಹೋಗಲ್ವಾ?"

"ತಪಾಸಣೆ ಇದೆಯಲ್ಲ ಇವತ್ತು. ಮ್ಯಾನೇಜರ್ ರಜಾ ಕೊಡಲಿಲ್ಲ. ಅವಳೂ ಬೇಡ ಅಂದ್ಲು. ನೀವು ಬಂದ್ರೆ ನಿಮ್ಮನ್ನೂ ನಾನೇ ಹಿಡ್ಕೋಬೇಕು ಅಂದ್ಲು."

ಅಣ್ಣ ನಗಲಿಲ್ಲ. ಇಂಥ ಮಾತಿಗೂ ನಗದಿದ್ದರೆ ಅವನಿಗೂ ಅಳುಕು ಅಂತಲೇ ಲೆಕ್ಕ.

ಇದೆಲ್ಲ ಶುರುವಾಗಿದ್ದು ಮೂರೂವರೆ ತಿಂಗಳ ಹಿಂದೆ, ಒಂದು ಹಾಳೆಯಿಂದ. ಮದುವೆಯಾಗಿ ಏಳು ವರ್ಷ. ಅಷ್ಟೂ ವರ್ಷ ಎಲ್ಲರ ಕಣ್ಣೂ ಅವಳ ಮೇಲೆಯೇ. ಅದರಲ್ಲೂ ಅವನ ಅಕ್ಕ. ಅಕ್ಕ ಫೋನ್ ಮಾಡಿದರೆ ಮೊದಲು "ಊಟ ಆಯ್ತೇನೋ?" ಆಮೇಲೆ "ಅವಳನ್ನ ಎಲ್ಲಾದ್ರೂ ಸರಿಯಾದ ಡಾಕ್ಟರಿಗೆ ತೋರಿಸೋ." ಪಕ್ಕದಲ್ಲಿ ಕೂತು ಕಾಜಾ ಹೊಲಿಯುತ್ತಿದ್ದ ಹೆಂಡತಿಗೆ ಅದು ಕೇಳಿಸುತ್ತಿತ್ತು. ಅವಳು ದಾರವನ್ನು ಹಲ್ಲಲ್ಲಿ ಕಡಿಯುತ್ತಿದ್ದಳು, ಅಷ್ಟೇ. ಅವಳ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕೊನೆಗೆ, ಕಾಲೆಳೆಯುತ್ತಾ, ಇವನೂ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಆಸ್ಪತ್ರೆಯ ಬಚ್ಚಲಿಗೆ ಹೋದ. ರಿಪೋರ್ಟ್ ಬಂತು. ವೀರ್ಯಾಣುಗಳ ಸಂಖ್ಯೆ ಇರಬೇಕಾದ್ದರ ಅರ್ಧವೂ ಇಲ್ಲ, ಇರುವವೂ ಸರಿಯಾಗಿ ಓಡುವುದಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಏರುಧ್ವನಿಯಿಲ್ಲ, ಸುಳ್ಳು ಸಮಾಧಾನವೂ ಇಲ್ಲ.

"ಊಟವೇ ಕಾರಣ ಅಂತ ನಾನು ಹೇಳ್ತಿಲ್ಲ," ಅಂದಿದ್ದರು. "ಹತ್ತು ಕಾರಣ ಇರುತ್ತೆ. ಎಷ್ಟೋ ಸಲ ಕಾರಣವೇ ಗೊತ್ತಾಗಲ್ಲ. ಆದ್ರೆ ಊಟ ನಿಮ್ಮ ಕೈಲಿದೆ. ಕರಿದಿದ್ದು, ಪ್ಯಾಕೆಟ್ ತಿಂಡಿ, ಸಿಹಿ ಪಾನೀಯ ಪೂರ್ತಿ ಬಿಡಿ. ತರಕಾರಿ, ಹಣ್ಣು, ಕಾಳು, ಮೀನು ತಿನ್ನಿ. ಸೊಂಟದ ಸುತ್ತ ಸ್ವಲ್ಪ ಇಳೀಲಿ. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳ ಹತ್ತಿರ ಬೇಕು. ಅದಕ್ಕೇ ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ. ಕೆಲಸ ಎಲ್ಲಿ? ಬೆಂಕಿ ಮುಂದೆ ನಿಲ್ಲೋ ಕೆಲಸನಾ?"

"ಇಲ್ಲ ಡಾಕ್ಟ್ರೇ, ಎ.ಸಿ. ರೂಮು. ಗುಣಮಟ್ಟ ವಿಭಾಗ," ಅಂದಿದ್ದ ಇವನು, ಎದೆ ಸ್ವಲ್ಪ ಉಬ್ಬಿಸಿಯೇ.

"ಒಳ್ಳೇದು. ತಿಂದಿದ್ದೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಒಂದು ತುತ್ತೂ ಬಿಡಬೇಡಿ."

ಬರೆದರು ನೋಡಿ, ಹೇಗೆ ಬರೆದರು! ಹೆಂಡತಿ ಅಳತೆ ಬರೆಯುವ ಉದ್ದ ಪುಸ್ತಕದಲ್ಲೇ ಹೊಸದೊಂದು ತೆಗೆದು ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿ ನೇತುಹಾಕಿದಳು. ಬೆಳಗ್ಗೆ ಎರಡು ಮೊಟ್ಟೆ, ಒಂದು ಸೇಬು. ಮಧ್ಯಾಹ್ನದ ಡಬ್ಬಿಗೆ ಬೇಯಿಸಿದ ಕಾಳು, ಸೌತೆಕಾಯಿ, ಸೊಪ್ಪು. ಬೇಲಿ ಸವರಿದ ಹಾಗೆ ಸೊಪ್ಪು. "ನನಗೆ ಕೊಂಬು ಬಂದ್ರೆ ಹೆದರ್ಕೋಬೇಡ ಕಣೇ," ಅಂತ ಅವನು ರೇಗಿಸಿದರೆ, "ಬರಲಿ ಬಿಡಿ, ಬಟ್ಟೆ ನೇತುಹಾಕೋಕೆ ಆಗುತ್ತೆ," ಅನ್ನುತ್ತಿದ್ದಳು. ಅವನಿಗೊಬ್ಬನಿಗೇ ಪಥ್ಯ ಯಾಕೆಂದು ಅವಳೂ ಅದನ್ನೇ ತಿಂದಳು. ಅವಳಿಗೆ ಪ್ರಾಣವಾಗಿದ್ದ ಕರಿದ ಮೀನನ್ನು ಮೂರು ತಿಂಗಳು ಬಾಯಿಗಿಡಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅವಳು ಅವನ ಪ್ಯಾಂಟ್ ಹಿಡಿದು ಬಂದಳು. ಸಡಿಲ ಆಗಿರುತ್ತೆ, ಒಳಕ್ಕೆ ಹಿಡಿಯೋಣ ಅಂತ ಅವನ ಸೊಂಟಕ್ಕೆ ಟೇಪು ಸುತ್ತಿದಳು. ಸುತ್ತಿದವಳು ಹಾಗೇ ನಿಂತಳು. ಇನ್ನೊಂದು ಸಲ ಸುತ್ತಿದಳು.

"ರೀ, ಅರ್ಧ ಇಂಚು ಜಾಸ್ತಿಯಾಗಿದೆ."

"ನಿನ್ನ ಟೇಪು ಹಳೇದು."

"ನನ್ನ ಟೇಪಿಗೆ ಏನೂ ಆಗಿಲ್ಲ. ನಿಜ ಹೇಳಿ, ಹೊರಗೆ ಏನಾದ್ರೂ ತಿಂತಿದೀರಾ?"

"ನಿನ್ನಾಣೆ ಕಣೇ, ಒಂದು ತುತ್ತೂ ಇಲ್ಲ!"

ಅವಳು ಅವನ ಕಣ್ಣನ್ನೇ ನೋಡಿದಳು. ಅಲ್ಲಿ ಸುಳ್ಳಿರಲಿಲ್ಲ. ಅವನು ಮನಸಾರೆ ನಂಬಿ ಹೇಳಿದ ಮಾತದು. ಅವಳೂ ನಂಬಿದಳು. ಕೂತು ಹೊಲಿಗೆ ಬಿಚ್ಚಿ, ಪ್ಯಾಂಟಿನ ಸೊಂಟ ಅರ್ಧ ಇಂಚು ಬಿಟ್ಟುಕೊಟ್ಟಳು.

ಮೂರು ತಿಂಗಳಿಗೆ ಎರಡನೇ ರಿಪೋರ್ಟ್ ಬಂತು. ಎಲ್ಲಿದ್ದವೋ ಅಲ್ಲೇ. ಡಾಕ್ಟರಮ್ಮ ನೋಟ್‌ಬುಕ್ಕಿನ ಹಾಳೆ ಹಾಳೆ ತಿರುವಿದರು. ಹುಬ್ಬು ಗಂಟಿಕ್ಕಿದರು.

"ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲ್ಲ. ಇದನ್ನ ನೋಡಿದ್ರೆ ತೂಕವಾದ್ರೂ ಇಳೀಬೇಕಿತ್ತು. ಇಳಿದಿಲ್ಲ. ಸರಿ, ಊಟದಿಂದ ಆಗೋದಲ್ಲ ಅಂತ ಕಾಣುತ್ತೆ. ಸುಮ್ನೆ ಇನ್ನೂ ಟೈಮ್ ಕಳೆಯೋದು ಬೇಡ." ಅಂದವರೇ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು. "ಇನ್ನು ಲ್ಯಾಬಲ್ಲಿ ಗರ್ಭ ಕಟ್ಟಿಸೋ ದಾರಿ. ನಿಮಗೆ ಸ್ವಲ್ಪ ಕಷ್ಟ ಇದೆಯಮ್ಮ."

"ಪರವಾಗಿಲ್ಲ," ಅಂದಳು ಅವಳು. ಮಡಿಲಲ್ಲಿದ್ದ ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ, ಸುತ್ತುತ್ತಾ ಇತ್ತು.

ಇವತ್ತು ಆ ನಾಲ್ಕು ಗಂಟೆ.

ಎರಡೂವರೆಗೆ ತಪಾಸಣೆಯ ಹೆಂಗಸು ಬಂದಳು. ವರ್ಷಕ್ಕೊಮ್ಮೆ ಹೊರಗಿನಿಂದ ಯಾರಾದರೂ ಬರುತ್ತಾರೆ, ಈ ಸಲ ಬಂದವಳು ಹೊಸಬಳು. ತಲೆಗೆ ಬಲೆಯ ಟೋಪಿ, ಕೈಯಲ್ಲಿ ಪ್ಯಾಡು. ಜೊತೆಗೆ ಮ್ಯಾನೇಜರ್, ಬೆವರು ಒರೆಸಿಕೊಳ್ಳುತ್ತಾ. ಮೇಜು ನೋಡಿದಳು, ತಕ್ಕಡಿ ನೋಡಿದಳು, ನೀರಿನ ಲೋಟ ಮೂಸಿದಳು. ಬಕೆಟ್ಟಿನ ಮುಚ್ಚಳ ತೆಗೆದಳು. ಒಳಗೆ ಬೆರಳಾಡಿಸಿದಳು. ಬೆರಳ ತುದಿಗೆ ಧೂಳು.

"ಇದನ್ನ ಎಷ್ಟು ಹೊತ್ತಿಗೊಮ್ಮೆ ತೊಳೀತೀರಿ?"

"ತೊಳೆಯೋ ಪ್ರಸಂಗವೇ ಬಂದಿಲ್ಲ ಮೇಡಂ," ಅಂದ ಅವನು ಹೆಮ್ಮೆಯಿಂದ. "ಒಂಬತ್ತು ವರ್ಷದಲ್ಲಿ ಒಂದು ಸಲವೂ ಉಗುಳಿಲ್ಲ. ಎಣ್ಣೆ ಗಂಟಲಿಗೇ ಗೊತ್ತಾಗೋದು."

"ಅಂದ್ರೆ ತಿಂತೀರಿ."

"ಅಯ್ಯೋ ಇಲ್ಲ ಮೇಡಂ. ರುಚಿ ನೋಡ್ತೀನಿ."

ಅವಳಿಗೆ ನಗು ಬಂತು. "ನಿಮ್ಮ ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಾ?"

ಮ್ಯಾನೇಜರ್ ಕೂಡ ಹಲ್ಲು ಕಿರಿದ. ಅವಳು ಏನೋ ಗೀಚಿಕೊಂಡು ಮುಂದಿನ ಕೋಣೆಗೆ ಹೋದಳು.

ಅವನು ನಗಲಿಲ್ಲ. ಹೊಸ ತಟ್ಟೆ ಬಂದು ಮೇಜಿನ ಮೇಲಿತ್ತು. ಅವನ ಕೈ ತಾನಾಗಿಯೇ ಎಂದಿನಂತೆ ಮೂರು ಕಡೆಯಿಂದ ಎತ್ತಿಕೊಂಡಿತು. ಈ ಸಲ ಅದು ಬಾಯಿಗೆ ಹೋಗಲಿಲ್ಲ. ತಕ್ಕಡಿಯ ಮೇಲೆ ಹೋಯಿತು. ಹದಿನಾಲ್ಕು ಗ್ರಾಂ.

ದಿನಕ್ಕೆ ಹತ್ತು ತಟ್ಟೆ. ಹೊಸ ಮಸಾಲೆಯ ದಿನ ಹನ್ನೆರಡು. ನೂರ ನಲವತ್ತು, ನೂರ ಅರವತ್ತೆಂಟು ಗ್ರಾಂ. ಅಂಗಡಿಯಲ್ಲಿ ಮಕ್ಕಳು ಕೊಳ್ಳುವ ಪ್ಯಾಕೆಟ್ಟಿನ ಲೆಕ್ಕದಲ್ಲಿ ಐದು ಪ್ಯಾಕೆಟ್ಟಿಗೂ ಮೇಲೆ. ವಾರಕ್ಕೆ ಆರು ದಿನ. ಆ ಸೊಪ್ಪು, ಆ ಸೌತೆಕಾಯಿ, ಆ ಎರಡು ಮೊಟ್ಟೆಗಳ ಜೊತೆಗೆ, ಈ ಮೂರು ತಿಂಗಳೂ. ಕರಿದದ್ದು. ಅದರಲ್ಲೂ ಎಣ್ಣೆ ಹಳತಾಯಿತೋ ಇಲ್ಲವೋ ಅಂತ ನೋಡಲೆಂದೇ ತಿಂದದ್ದು!

ನೋಟ್‌ಬುಕ್ಕಿನಲ್ಲಿ ಒಂದು ಚಿಪ್ಸೂ ಇರಲಿಲ್ಲ. ಮುಚ್ಚಿಟ್ಟದ್ದಲ್ಲ. ಅದು ಊಟ ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ. ತಿನ್ನುವುದೆಂದರೆ ಹಸಿದು ತಿನ್ನುವುದು. ಇದು ಕೆಲಸ. ಇಟ್ಟಿಗೆ ಹೊರುವವನು ಮನೆಗೆ ಬಂದು ಇಂತಿಷ್ಟು ಇಟ್ಟಿಗೆ ಹೊತ್ತೆ ಅಂತ ಬರೆದಿಡುತ್ತಾನೆಯೇ?

ಗೋಡೆಯ ಗಡಿಯಾರದಲ್ಲಿ ಎರಡು ಐವತ್ತು. ಅವನು ಫೋನ್ ಎತ್ತಿ ಹೆಂಡತಿಗೆ ಹಚ್ಚಿದ. ರಿಂಗಾಯಿತು, ಆಯಿತು, ನಿಂತಿತು. ಇನ್ನೊಂದು ಸಲ. ಮತ್ತೊಂದು ಸಲ. ಅವಳ ಚೀಲದ ತಳದಲ್ಲಿ, ಕತ್ತರಿ, ದಾರದುಂಡೆಗಳ ಕೆಳಗೆ ಆ ಫೋನು ಸದ್ದಿಲ್ಲದೆ ಹೊರಳಾಡುತ್ತಿರುವುದು ಅವನಿಗೆ ಕಂಡ ಹಾಗೇ ಆಯಿತು. ಆಸ್ಪತ್ರೆಗೆ ಹಚ್ಚಿದ. ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ ಮೆಷಿನ್ ಮಾತಾಡಿತು.

ಒಂದು ಮನಸ್ಸು ಹೇಳಿತು: ಸುಮ್ಮನಿರು. ಡಾಕ್ಟರೇ ಹೇಳಿದ್ದಾರೆ, ಊಟ ಒಂದೇ ಕಾರಣ ಅಲ್ಲ ಅಂತ. ನೀನು ಹೋಗಿ ಬಾಯಿ ಬಿಟ್ಟರೆ ಇನ್ನೂ ಮೂರು ತಿಂಗಳು ಹಿಂದಕ್ಕೆ. ಅವಳಿಗೆ ಮೂವತ್ತೈದು ತುಂಬುತ್ತಿದೆ. ಅವಳ ಮುಖ ಹೇಗೆ ನೋಡುತ್ತೀಯ? 'ನಿನ್ನಾಣೆ' ಅಂದಿದ್ದೆಯಲ್ಲ?

ಆ 'ನಿನ್ನಾಣೆ'ಯೇ ಅವನನ್ನು ಕುರ್ಚಿಯಿಂದ ಎಬ್ಬಿಸಿತು. ಟೋಪಿ ಕಿತ್ತು ಮೇಜಿಗೆ ಎಸೆದ.

"ಅಣ್ಣ, ಬಾಣಲೆ ನಿಲ್ಲಿಸು!"

"ಏನಾಯ್ತೋ? ಎಣ್ಣೆ ಕೆಟ್ಟಿದೆಯಾ?" ಬಾಣಲೆ ಅಣ್ಣನ ಮುಖ ಪೆಚ್ಚಾಯಿತು. ಅವನ ಬಾಣಲೆಗೆ ಇದುವರೆಗೂ ಆ ಮಾತು ಬಂದಿರಲಿಲ್ಲ.

"ಗೊತ್ತಿಲ್ಲ. ನಾನು ನೋಡಿಲ್ಲ, ನೋಡೋದೂ ಇಲ್ಲ. ನಾನು ಆಸ್ಪತ್ರೆಗೆ ಹೋಗ್ಬೇಕು."

"ಇವತ್ತಾ? ಲೋ, ತಪಾಸಣೆಯವಳು ಇನ್ನೂ ಒಳಗೇ ಇದಾಳೆ ಕಣೋ! ಲೈನ್ ನಿಂತ್ರೆ ಮ್ಯಾನೇಜರ್ ನಿನ್ನ ಚರ್ಮ ಸುಲೀತಾನೆ."

"ಸುಲೀಲಿ. ಅಲ್ಲಿ ಅವಳಿಗೆ ಚುಚ್ಚಿಬಿಡ್ತಾರೆ ಅಣ್ಣ. ನನ್ನ ತಪ್ಪಿಗೆ."

ಬಾಣಲೆ ಅಣ್ಣ ಅವನ ಮುಖ ನೋಡಿದ. ಮುಂದೇನೂ ಕೇಳಲಿಲ್ಲ. ಕೈ ಹಿಂದಕ್ಕೆ ಚಾಚಿ ಕೆಂಪು ಗುಂಡಿ ಒತ್ತಿದ. ಇಡೀ ಶೆಡ್ಡಿನ ಸದ್ದು ನಿಟ್ಟುಸಿರಿಟ್ಟ ಹಾಗೆ ಇಳಿದು ನಿಂತಿತು.

"ಹಿಂದಿನ ಗೇಟಿಂದ ಓಡು," ಅಂದ.

ಬಸ್ಸು ಬಂದದ್ದು ಮೂರೂ ಹತ್ತಕ್ಕೆ. ಹತ್ತಿದ ಮೇಲೆ ಅದು ಪ್ರತಿ ಸ್ಟಾಪಿನಲ್ಲೂ ಮಾವನ ಮನೆಗೆ ಬಂದ ಅಳಿಯನ ಹಾಗೆ ನಿಂತಿತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವಳೇ ಅಂತ ಎಳೆದು ನೋಡಿದರೆ ಮ್ಯಾನೇಜರ್. ಕತ್ತರಿಸಿದ. ಮತ್ತೆ ಮ್ಯಾನೇಜರ್. ಮೂರೂವರೆಗೆ ಒಂದು ಸಿಗ್ನಲ್ಲಿನಲ್ಲಿ ಬಸ್ಸು ಅಲ್ಲಾಡದೆ ನಿಂತಾಗ ಅವನು ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಂದ ಸೀಟಿಗೆ, ಸೀಟಿಂದ ಬಾಗಿಲಿಗೆ ಓಡಾಡಿದ. ಮೂರು ನಲವತ್ತಕ್ಕೆ ಇಳಿದೇಬಿಟ್ಟ. ಓಡಿದ. ಸೇತುವೆ, ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಸೈಕಲ್ ಸ್ಟ್ಯಾಂಡು. ಸೊಂಟದಲ್ಲಿ ಅವಳು ಬಿಟ್ಟುಕೊಟ್ಟ ಆ ಅರ್ಧ ಇಂಚು ಓಡುವಾಗ ಕುಲುಕುತ್ತಿತ್ತು.

ಆಸ್ಪತ್ರೆಯ ಎರಡನೇ ಮಹಡಿ. ನಾಲ್ಕಕ್ಕೆ ಐದು ನಿಮಿಷ. ಹಸಿರು ಪರದೆ ಅರ್ಧ ಎಳೆದಿತ್ತು. ಒಳಗೆ ನರ್ಸ್ ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ತಟ್ಟುತ್ತಿದ್ದಳು. ಹೆಂಡತಿ ಮಲಗಿದ್ದಳು, ರವಿಕೆಯ ಕೆಳಗೆ ಹೊಟ್ಟೆಯ ಒಂದು ಅಂಗೈಯಗಲ ಜಾಗಕ್ಕೆ ಸ್ಪಿರಿಟ್ ಒರೆಸಿ ಆಗಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿ, ತನ್ನದೇ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

"ಚುಚ್ಚಬೇಡಿ!"

ನರ್ಸ್ ಬೆಚ್ಚಿಬಿದ್ದಳು. "ರೀ ಸ್ವಾಮಿ, ಇದು ಹೆಂಗಸರ ವಾರ್ಡು! ಹೊರಗೆ ನಡೀರಿ!"

"ಅವರು ನಮ್ಮನೆಯವರು," ಹೆಂಡತಿ ಸೆರಗು ಉಗುಳಿ ಎದ್ದು ಕೂತಳು. "ಏನ್ರೀ? ಏನಾಯ್ತು? ಫ್ಯಾಕ್ಟರೀಲಿ ಏನಾದ್ರೂ..."

ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಸದ್ದಿಗೆ ಡಾಕ್ಟರಮ್ಮನೂ ಬಂದರು. ಮೂವರು ಹೆಂಗಸರು ಅವನನ್ನೇ ನೋಡುತ್ತಿದ್ದರು.

"ನಾನು ತಿಂದಿದೀನಿ," ಅಂದ.

"ಏನು ತಿಂದ್ರಿ? ವಿಷ ಗಿಷ..." ಅವಳು ಮಂಚದಿಂದ ಇಳಿದೇಬಿಟ್ಟಳು.

"ಚಿಪ್ಸು. ದಿನಾ. ನೂರ ನಲವತ್ತು ಗ್ರಾಂ. ಮೂರು ತಿಂಗಳೂ. ಒಂಬತ್ತು ವರ್ಷವೂ. ನಾನು ಬರೆದಿಲ್ಲ. ಅದು ತಿನ್ನೋದು ಅಂತ ನನಗೆ ಹೊಳೀಲೇ ಇಲ್ಲ ಕಣೇ."

ಅವಳು ಟ್ರೇಯಲ್ಲಿದ್ದ ಹತ್ತಿಯ ಉಂಡೆಯನ್ನು ಎತ್ತಿ ಹಿಚುಕಿದಳು.

"ಬಕೆಟ್ ಇದೆ ಅಂದಿದ್ರಲ್ಲ," ಅಂದಳು. "ಮದುವೆ ಹೊಸದರಲ್ಲಿ ಹೇಳಿದ್ರಿ. ಉಗುಳೋಕೆ ಅಂತಲೇ ಸ್ಟೀಲ್ ಬಕೆಟ್ ಕೊಟ್ಟಿದಾರೆ, ರಾಜರ ಹಾಗೆ ಅಂತ. ನಾನು ಎಷ್ಟು ನಕ್ಕಿದ್ದೆ."

"ಬಕೆಟ್ ಇದೆ. ಅದರಲ್ಲಿ ಧೂಳಿದೆ."

ಅವಳ ಮುಖ ಕೆಂಪಾಯಿತು. "ಅರ್ಧ ಇಂಚು," ಅಂದಳು. "ನನ್ನ ಟೇಪು ಹಳೇದು ಅಂದ್ರಿ. ಮೂರು ತಿಂಗಳು ನಾನು ಬೇಯಿಸಿ, ಬರೆದು, ಮೀನಿನಂಗಡಿ ಮುಂದೆ ಮೂಗು ಮುಚ್ಕೊಂಡು ಓಡಾಡಿದೀನಿ. ನನ್ನ ಮೇಲೆ ಆಣೆ ಬೇರೆ!"

"ತಪ್ಪಾಯ್ತು."

"ತಪ್ಪಾಯ್ತಂತೆ!" ಕೈಲಿದ್ದ ಹತ್ತಿಯ ಉಂಡೆಯನ್ನು ಅವನ ಎದೆಗೆ ಬೀಸಿ ಒಗೆದಳು. ಅದು ಹತ್ತಿ, ತಾಗಿ ಮೆಲ್ಲಗೆ ಕೆಳಗೆ ಬಿತ್ತು. ನರ್ಸ್ ಸಿರಿಂಜು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತಳು, ನಗುವಿಗೆ ಭುಜ ಅಲುಗುತ್ತಿತ್ತು.

ಡಾಕ್ಟರಮ್ಮ ಮಾತ್ರ ಗಂಭೀರವಾಗಿದ್ದರು. "ನೋಡಿ, ಇದನ್ನ ಬಿಟ್ಟ ತಕ್ಷಣ ಎಲ್ಲ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಹೋಗದೇನೂ ಇರಬಹುದು. ಆದ್ರೆ ನಾನು ಊಟದಿಂದ ಆಗೋದಲ್ಲ ಅಂದಿದ್ದು ಆ ನೋಟ್‌ಬುಕ್ ನಂಬಿ. ಅದು ಈಗ ಲೆಕ್ಕಕ್ಕಿಲ್ಲ." ಅವಳ ಕಡೆ ತಿರುಗಿದರು. "ಮೂರು ತಿಂಗಳು ಕಾದ್ರೆ ನಿಮಗೆ ದೊಡ್ಡ ನಷ್ಟ ಏನಿಲ್ಲ. ಇವತ್ತೇ ಶುರು ಮಾಡಿದ್ರೂ ತಪ್ಪಿಲ್ಲ. ಹೊಟ್ಟೆ ನಿಮ್ಮದು. ನೀವೇ ಹೇಳಿ."

ಅವನು ನೆಲ ನೋಡುತ್ತಾ ನಿಂತ. ಜೇಬಿನಲ್ಲಿ ಮ್ಯಾನೇಜರ್ ಮತ್ತೆ ಗುಂಯ್‌ಗುಟ್ಟಿದ. ನಾಲ್ಕಾಯಿತು. ಗಡಿಯಾರದ ಮುಳ್ಳು ಅದನ್ನು ದಾಟಿಯೂ ಹೋಯಿತು.

"ಇವತ್ತು ಬೇಡ ಡಾಕ್ಟ್ರೇ," ಅಂದಳು ಅವಳು.

ನರ್ಸ್ ಸೂಜಿಗೆ ಟೋಪಿ ಹಾಕಿದಳು. ಅವನ ಎದೆಯಲ್ಲಿ ಹಿಡಿದಿದ್ದ ಉಸಿರು ಬುಸ್ಸೆಂದು ಹೊರಗೆ ಬಂತು.

"ನಿಟ್ಟುಸಿರು ಬಿಡಬೇಡಿ, ನಾನಿನ್ನೂ ಮುಗಿಸಿಲ್ಲ," ಅಂದಳು ಹೆಂಡತಿ. ಸೆರಗು ಸರಿಮಾಡಿಕೊಂಡು ಚೀಲದಿಂದ ನೋಟ್‌ಬುಕ್ ತೆಗೆದು ಅವನ ಕೈಗೆ ಹಾಕಿದಳು. "ನಾಳೆಯಿಂದ ನುಂಗೋದಿಲ್ಲ. ಉಗುಳಿದ್ದನ್ನ ತೂಗಿ ಬರೀಬೇಕು. ತಟ್ಟೆಯಿಂದ ಎತ್ತಿದಷ್ಟು ಬಕೆಟ್ಟಲ್ಲಿ ಇರಬೇಕು."

"ಗಂಟಲಿಗೆ ಇಳೀದಿದ್ರೆ ಎಣ್ಣೆ ಕೆಟ್ಟಿದ್ದು ನನಗೆ ಗೊತ್ತಾಗಲ್ಲ ಕಣೇ. ಕೆಲಸ ಹೋದ್ರೂ ಹೋಯ್ತು."

"ಹೋದ್ರೆ ಹೋಗಲಿ. ಕಾಜಾ ಹೊಲಿಯೋಕೆ ಬನ್ನಿ, ಸೂಜಿ ಹೇಗಿರುತ್ತೆ ಅಂತ ನಿಮಗೂ ಗೊತ್ತಾಗಲಿ. ಆಮೇಲೆ ಇನ್ನೊಂದು."

"ಏನು?"

"ನಿಮ್ಮಕ್ಕನಿಗೆ ಫೋನ್ ಮಾಡಿ. ಈಗ. ಇಲ್ಲೇ. ರಿಪೋರ್ಟ್ ಯಾರದು ಅಂತ ಹೇಳಿ."

ಏಳು ವರ್ಷ ಅವಳು ಹಲ್ಲಲ್ಲಿ ಕಡಿದ ದಾರಗಳೆಲ್ಲ ಆ ಒಂದು ಮಾತಿನಲ್ಲಿದ್ದವು. ಅವನು ನರ್ಸನ್ನು ನೋಡಿದ, ಡಾಕ್ಟರಮ್ಮನನ್ನು ನೋಡಿದ. ಯಾರೂ ಅವನನ್ನು ಕಾಪಾಡಲಿಲ್ಲ. ನಂಬರ್ ಒತ್ತಿದ. ಹೆಂಡತಿ ಹತ್ತಿರ ಬಂದು ಕಿವಿ ಕೊಟ್ಟು ನಿಂತಳು.

ಎರಡೇ ರಿಂಗಿಗೆ ಅಕ್ಕ ಎತ್ತಿದಳು.

"ಏನೋ, ಇಷ್ಟು ಹೊತ್ತಲ್ಲಿ? ಊಟ ಆಯ್ತೇನೋ?"

ಹುಟ್ಟಿದಾಗಿನಿಂದ ಸಾವಿರ ಸಲ ಯೋಚನೆಯೇ ಮಾಡದೆ "ಹೂಂ" ಅಂದುಬಿಟ್ಟಿದ್ದ ಪ್ರಶ್ನೆ. ಈ ಸಲ ಅವನು ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಮಿಟುಕಿಸಲಿಲ್ಲ.

"ಅಕ್ಕ," ಅಂದ, "ಊಟದ ವಿಷಯಕ್ಕೇ ಫೋನ್ ಮಾಡಿದ್ದು. ಸ್ವಲ್ಪ ಕೂತ್ಕೋ."